ಕಟ್ಟೆ ಮೇಲೆ ಕೂತವರು, ಕಟ್ಟೆ ಕೆಳಗೆ ನಿಂತವರು

ಹೋದ ತಿಂಗಳು ತುಮಕೂರಿನ ಕೋರ್ಟಿಗೆ ಹೋಗಬೇಕಾಗಿ ಬಂತು. ಗಾಬರಿಯಾಗಬೇಡಿ, ನನ್ನ ಮೇಲೆ ಯಾವ ಕೇಸೂ ಇಲ್ಲ :) ಪಿತ್ರಾರ್ಜಿತ ಜಮೀನಿನ ಒಂದು ಅಫಿಡವಿಟ್ಟು ಮಾಡಿಸಬೇಕಿತ್ತು. ವಕೀಲರು ಬರುವುದು ತಡವಾಯಿತು. ಅಲ್ಲಿವರೆಗೂ ಹೊರಗೆ ಬಿಸಿಲಲ್ಲಿ ನಿಲ್ಲುವುದೇಕೆ ಅಂತ ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಯಾವುದೋ ಸೆಷನ್ಸ್ ಕೇಸು ನಡೆಯುತ್ತಿತ್ತು. ಜೊತೆಯಲ್ಲಿ ಅಕ್ಕನ ಮಗ ಬಂದಿದ್ದ, ಹತ್ತನೇ ಕ್ಲಾಸು ಮುಗಿಸಿ ರಜದಲ್ಲಿದ್ದಾನೆ. ಸ್ವಲ್ಪ ಹೊತ್ತು ನೋಡಿ ಮೆಲ್ಲಗೆ ಕೇಳಿದ: "ಮಾಮ, ಆ ಹನ್ನೆರಡು ಜನ ಎಲ್ಲಿ ಕೂತ್ಕೊಂತಾರೆ?"

ಇಂಗ್ಲಿಷ್ ಸಿನಿಮಾಗಳಲ್ಲಿ ನೋಡಿದ್ದಾನೆ. ಕಟಕಟೆಯ ಪಕ್ಕ ಎರಡು ಸಾಲು ಕುರ್ಚಿ, ಅದರಲ್ಲಿ ಹನ್ನೆರಡು ಜನ, ಕೊನೆಗೆ ಒಬ್ಬ ಎದ್ದು ನಿಂತು ತಪ್ಪಿತಸ್ಥ ಹೌದೋ ಅಲ್ಲವೋ ಅಂತ ಹೇಳುವುದು. "ನಮ್ಮಲ್ಲಿ ಜೂರಿ ಇಲ್ಲ ಕಣೋ, ಜಡ್ಜ್ ಒಬ್ಬರೇ ತೀರ್ಮಾನ ಮಾಡೋದು" ಅಂದೆ. "ಯಾಕಿಲ್ಲ?" ಅಂದ. ಆ ಹೊತ್ತಿಗೆ ಸರಿಯಾದ ಉತ್ತರ ಬಾಯಿಗೆ ಬರಲಿಲ್ಲ. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯಲು ಕೂತಿದ್ದೇನೆ. ಬರೆಯುತ್ತಾ ಹೋದ ಹಾಗೆ ಮಧ್ಯದಲ್ಲಿ ನಮ್ಮ ತಾತ ಬಂದು ಕೂತುಬಿಟ್ಟಿದ್ದಾರೆ, ಅವರನ್ನು ಎಬ್ಬಿಸಲು ಆಗಲಿಲ್ಲ. ಹಾಗಾಗಿ ಅವರಿಂದಲೇ ಶುರು ಮಾಡುತ್ತೇನೆ.

ನಮ್ಮೂರು ಗುಬ್ಬಿ ತಾಲ್ಲೂಕಿನಲ್ಲಿದೆ. ಹೆಸರು ಬೇಡ. ಊರ ಮುಂದೆ ಒಂದು ಅರಳಿಕಟ್ಟೆ. ನಮ್ಮ ತಾತನ ಕಾಲದಲ್ಲಿ ಬದುವಿನ ಜಗಳ, ಕೆರೆ ನೀರಿನ ಜಗಳ, ಅಣ್ಣತಮ್ಮಂದಿರ ಭಾಗ, ಗಂಡ ಹೆಂಡಿರ ಮುನಿಸು ಎಲ್ಲವೂ ಆ ಕಟ್ಟೆಗೇ ಬರುತ್ತಿದ್ದವು. ಕಟ್ಟೆ ಮೇಲೆ ಐದೋ ಏಳೋ ಯಜಮಾನರು ಕೂರುತ್ತಿದ್ದರು. ನಮ್ಮ ತಾತ ಅವರಲ್ಲಿ ಎಲ್ಲರಿಗಿಂತ ಚಿಕ್ಕವರು.

1962ರ ಬೇಸಿಗೆ. ಊರಿನ ದೊಡ್ಡ ಅಡಿಕೆ ತೋಟದ ಮನೆಯಲ್ಲಿ ನಾಲ್ಕು ಮೂಟೆ ಒಣಗಿದ ಅಡಿಕೆ ಕಾಣೆಯಾಯಿತು. ಅನುಮಾನ ಹೋಗಿದ್ದು ಆ ಮನೆಯಲ್ಲೇ ಜೀತಕ್ಕಿದ್ದ ಹುಡುಗನ ಮೇಲೆ. ಊರಾಚೆ ಕೇರಿಯ ಹುಡುಗ, ಹದಿನಾರೋ ಹದಿನೇಳೋ ವಯಸ್ಸು. ಪಂಚಾಯ್ತಿ ಸೇರಿತು. ಹುಡುಗ ಕಟ್ಟೆ ಮುಂದೆ ನಿಂತಿದ್ದ. ಅವನ ತಾಯಿ ಅಷ್ಟು ಹತ್ತಿರವೂ ಬರುವ ಹಾಗಿರಲಿಲ್ಲ, ಆಚೆ ಹುಣಸೆ ಮರದ ಕೆಳಗೆ ನಿಂತು "ನನ್ ಮಗ ಕದ್ದಿಲ್ಲ ಬುದ್ದೀ" ಅಂತ ಕೂಗುತ್ತಿದ್ದಳಂತೆ. ಮಧ್ಯಾಹ್ನದ ಹೊತ್ತಿಗೆ ತೀರ್ಮಾನ ಆಯಿತು. ನೂರೈವತ್ತು ರೂಪಾಯಿ ತಪ್ಪುಕಾಣಿಕೆ. ಅಷ್ಟು ದುಡ್ಡು ಆ ಮನೆಯಲ್ಲಿ ಎಲ್ಲಿಂದ ಬರಬೇಕು? ಅದನ್ನು ಜೀತದ ಲೆಕ್ಕಕ್ಕೇ ಸೇರಿಸಿದರು.

ಯಾರೂ ಕೈ ಎತ್ತಲಿಲ್ಲ, ಯಾರೂ ಎಣಿಸಲಿಲ್ಲ. ಹಿರಿಯ ಯಜಮಾನರು "ಏನಪ್ಪಾ, ಎಲ್ಲಾರ್ಗೂ ಒಪ್ಪಿಗೇನಾ?" ಅಂತ ಕೇಳಿದರು. ಒಬ್ಬೊಬ್ಬರೇ ತಲೆಯಾಡಿಸಿದರು. ತಾತನೂ ತಲೆಯಾಡಿಸಿದರು. ಒಮ್ಮತದ ತೀರ್ಮಾನ.

ಇದರ ಇನ್ನರ್ಧ ಕಥೆಯನ್ನು ಕೊನೆಗೆ ಹೇಳುತ್ತೇನೆ. ಅದು ಅರ್ಥವಾಗಬೇಕಾದರೆ ಹೀಗೆ ಕೆಲವರನ್ನು ಕೂರಿಸಿ ತೀರ್ಪು ಕೇಳುವ ಪದ್ಧತಿ ಎಲ್ಲೆಲ್ಲಿ ಹೇಗೆ ಬೆಳೆಯಿತು ಅನ್ನುವುದನ್ನು ಸ್ವಲ್ಪ ನೋಡಿಕೊಂಡು ಬರಬೇಕು.

ಕಲ್ಯಾಣದಲ್ಲಿ ಬರೆದ ಪುಸ್ತಕ

ಜೂರಿ ಅಂದರೆ ಬ್ರಿಟಿಷರು ತಂದಿದ್ದು ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಹೆಸರು ಅವರದ್ದೇ. ಆದರೆ ತೀರ್ಪು ಕೊಡುವಾಗ ನಾಲ್ಕು ಜನರನ್ನು ಕೂರಿಸಿಕೊಳ್ಳಬೇಕು ಅನ್ನುವುದು ನಮ್ಮ ನೆಲದಲ್ಲಿ ಬಹಳ ಹಳೆಯ ಮಾತು. ಸುಮಾರು ಒಂಬೈನೂರು ವರ್ಷದ ಹಿಂದೆ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ (ಇವತ್ತಿನ ಬಸವಕಲ್ಯಾಣ) ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಅನ್ನುವ ವ್ಯಾಖ್ಯಾನ ಬರೆದ. ಹಿಂದೂ ಆಸ್ತಿ ಹಕ್ಕಿನ ವಿಷಯದಲ್ಲಿ ಬ್ರಿಟಿಷರ ಕೋರ್ಟುಗಳೂ ಭಾರತದ ಬಹುಭಾಗದಲ್ಲಿ ಅದನ್ನೇ ಪ್ರಮಾಣ ಅಂತ ಹಿಡಿದವು.

ಯಾಜ್ಞವಲ್ಕ್ಯ ಸ್ಮೃತಿ ನ್ಯಾಯ ಹೇಳುವ ಸಭೆಗಳನ್ನು ಮೆಟ್ಟಿಲಿನ ಹಾಗೆ ಜೋಡಿಸುತ್ತದೆ. ಎಲ್ಲಕ್ಕಿಂತ ಕೆಳಗೆ ಕುಲ, ಅಂದರೆ ನೆಂಟರಿಷ್ಟರು. ಅದರ ಮೇಲೆ ಶ್ರೇಣಿ, ಅಂದರೆ ಒಂದೇ ಕಸುಬಿನವರು. ಅದರ ಮೇಲೆ ಪೂಗ, ಒಂದೇ ಊರಿನಲ್ಲಿರುವ ಬೇರೆ ಬೇರೆ ಕಸುಬಿನ ಜನ. ಎಲ್ಲಕ್ಕಿಂತ ಮೇಲೆ ರಾಜ ನೇಮಿಸಿದವರು. ಕೆಳಗಿನವರ ತೀರ್ಪು ಸರಿ ಬರದಿದ್ದರೆ ಮೇಲಿನವರ ಹತ್ತಿರ ಹೋಗಬಹುದು. ರಾಜನ ಸಭೆಯಲ್ಲೂ ರಾಜ ಒಬ್ಬನೇ ಕೂರುವಂತಿಲ್ಲ, ಸಭ್ಯರು ಇರಬೇಕು, ಅವರು ಮಿತ್ರನನ್ನೂ ಶತ್ರುವನ್ನೂ ಸಮನಾಗಿ ನೋಡುವವರಾಗಿರಬೇಕು. ಆ ಸಭ್ಯರು ರಾಗಕ್ಕೋ ಲೋಭಕ್ಕೋ ಭಯಕ್ಕೋ ಒಳಗಾಗಿ ತಪ್ಪು ತೀರ್ಪು ಕೊಟ್ಟರೆ ಸೋತವನಿಗೆ ಹಾಕುವ ದಂಡದ ಎರಡರಷ್ಟನ್ನು ಅವರಿಂದ ವಸೂಲಿ ಮಾಡಬೇಕು ಅಂತಲೂ ಇದೆ.

'ಭಯ' ಅನ್ನುವ ಪದವನ್ನು ಗಮನಿಸಿ. ಲಂಚ ತಿಂದವನನ್ನು ಮಾತ್ರ ಹೇಳಿ ಬಿಟ್ಟಿಲ್ಲ, ಹೆದರಿದವನನ್ನೂ ಸೇರಿಸಿದ್ದಾರೆ. ಮನುಸ್ಮೃತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನ್ಯಾಯಸಭೆಯಲ್ಲಿ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತವನೂ ಸುಳ್ಳು ಹೇಳಿದವನ ಹಾಗೆಯೇ ಪಾಪಿ ಅನ್ನುತ್ತದೆ. ತಮಾಷೆ ನೋಡಿ, ಸಭೆಯಲ್ಲಿ ಮಾತಾಡು ಅನ್ನುವ ಅದೇ ಪುಸ್ತಕ ಯಾರು ಸಭೆಯಲ್ಲಿ ಧರ್ಮ ಹೇಳಬಾರದು ಅನ್ನುವುದನ್ನೂ ವರ್ಣದ ಲೆಕ್ಕದಲ್ಲಿ ಹೇಳುತ್ತದೆ.

ಸಾಕ್ಷಿ ಇಲ್ಲದಿದ್ದಾಗ ದಿವ್ಯ ಮಾಡಿಸುತ್ತಿದ್ದರು. ಯಾಜ್ಞವಲ್ಕ್ಯ ಐದು ಹೇಳುತ್ತಾನೆ: ತುಲಾ, ಅಗ್ನಿ, ಜಲ, ವಿಷ, ಕೋಶ. ಕೋಶ ಅಂದರೆ ದೇವರ ಅಭಿಷೇಕದ ನೀರು ಕುಡಿಯುವುದು, ಹದಿನಾಲ್ಕು ದಿನದೊಳಗೆ ಕೇಡಾಗದಿದ್ದರೆ ಅವನು ನಿರಪರಾಧಿ. ನಮ್ಮ ಕಡೆ ಗುಡಿ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿಸುವುದನ್ನು ನೋಡಿದವರಿಗೆ ಇದು ಹೊಸದೇನೂ ಅನ್ನಿಸುವುದಿಲ್ಲ.

ಊಟ ನೀರಿಲ್ಲದೆ ಕೂತ ಹನ್ನೆರಡು ಜನ

ಯುರೋಪಿನಲ್ಲೂ ಹೀಗೇ ದಿವ್ಯಗಳಿದ್ದವು. ಕಾದ ಕಬ್ಬಿಣ ಹಿಡಿಸುವುದು, ನೀರಿಗೆ ಇಳಿಸುವುದು. 1215ರಲ್ಲಿ ರೋಮಿನ ಲ್ಯಾಟೆರನ್ ಸಭೆ ಪಾದ್ರಿಗಳು ಇಂಥದ್ದರಲ್ಲಿ ಭಾಗವಹಿಸಬಾರದು ಅಂತ ನಿಷೇಧಿಸಿತು. ಪಾದ್ರಿ ಇಲ್ಲದ ಮೇಲೆ ದಿವ್ಯಕ್ಕೆ ಅರ್ಥವಿಲ್ಲ. ದೇವರು ಹೇಳುತ್ತಿದ್ದ ತೀರ್ಪನ್ನು ಇನ್ನು ಯಾರು ಹೇಳಬೇಕು? ಇಂಗ್ಲೆಂಡಿನಲ್ಲಿ ಆ ಜಾಗಕ್ಕೆ ನಿಧಾನವಾಗಿ ಬಂದು ಕೂತದ್ದು ಅಕ್ಕಪಕ್ಕದ ಊರಿನ ಹನ್ನೆರಡು ಜನ. ಮೊದಲಿಗೆ ಅವರು ವಿಷಯ ಗೊತ್ತಿದ್ದವರು, ಒಂಥರಾ ಸಾಕ್ಷಿಗಳೇ. ಏನೂ ಗೊತ್ತಿಲ್ಲದವರನ್ನು ಕೂರಿಸಿ ಸಾಕ್ಷಿ ಕೇಳಿಸಿ ತೀರ್ಮಾನ ಪಡೆಯುವುದು ಆಮೇಲೆ ಬಂದದ್ದು.

ಜೂರಿಯ ಚರಿತ್ರೆಯಲ್ಲಿ ನನಗೆ ತುಂಬಾ ಇಷ್ಟವಾದ ಪ್ರಕರಣ 1670ರದ್ದು. ಲಂಡನ್ನಿನಲ್ಲಿ ವಿಲಿಯಂ ಪೆನ್ ಮತ್ತು ವಿಲಿಯಂ ಮೀಡ್ ಅನ್ನುವ ಕ್ವೇಕರ್ ಪಂಥದ ಇಬ್ಬರನ್ನು ಬೀದಿಯಲ್ಲಿ ಧರ್ಮಪ್ರವಚನಕ್ಕೆ ಜನ ಸೇರಿಸಿದರು ಅಂತ ಹಿಡಿದು ತಂದಿದ್ದರು (ಅಮೆರಿಕದ ಪೆನ್ಸಿಲ್ವೇನಿಯಾವನ್ನು ಸ್ಥಾಪಿಸಿದ್ದು ಇದೇ ಪೆನ್). ಇವರು ಅಪರಾಧಿಗಳು ಅಂತ ಹೇಳಲು ಜೂರಿ ಒಪ್ಪಲಿಲ್ಲ. ಕೋರ್ಟಿಗೆ ಸಿಟ್ಟು ಬಂತು. ಅನ್ನ, ನೀರು, ಬೆಂಕಿ ಏನೂ ಕೊಡದೆ ರಾತ್ರಿಯಿಡೀ ಕೂಡಿಹಾಕಿದರು. ಆದರೂ ಒಪ್ಪಲಿಲ್ಲ. ಕೊನೆಗೆ ಜೂರಿಗಳಿಗೇ ದಂಡ ಹಾಕಿದರು. ದಂಡ ಕಟ್ಟದೆ ಜೈಲಿಗೆ ಹೋದವರಲ್ಲಿ ಒಬ್ಬ ಎಡ್ವರ್ಡ್ ಬುಶೆಲ್. ಅವನ ಅರ್ಜಿಯ ಮೇಲೆ ಮುಖ್ಯ ನ್ಯಾಯಾಧೀಶ ವಾನ್ ಕೊಟ್ಟ ತೀರ್ಪು ಇವತ್ತಿಗೂ ದೊಡ್ಡದು. ಜೂರಿ ಕೊಟ್ಟ ತೀರ್ಪಿಗಾಗಿ ಜೂರಿಯನ್ನು ಶಿಕ್ಷಿಸುವಂತಿಲ್ಲ ಅಂತ.

ಆಲೋಚನೆ ಮಾಡಿ. ಹನ್ನೆರಡು ಅನ್ನುವ ಸಂಖ್ಯೆಯಲ್ಲಿ ಯಾವ ಮಹಿಮೆಯೂ ಇಲ್ಲ. ಪ್ರಾಚೀನ ಅಥೆನ್ಸಿನಲ್ಲಿ ಕ್ರಿಸ್ತಪೂರ್ವ 399ರಲ್ಲಿ ಸಾಕ್ರೆಟೀಸನಿಗೆ ಸಾವಿನ ಶಿಕ್ಷೆ ಕೊಟ್ಟ ಜೂರಿಯಲ್ಲಿ ಸುಮಾರು ಐನೂರು ಜನ ಇದ್ದರು. ಅಲ್ಲಿ ಜೂರಿಗಳು ಒಟ್ಟಿಗೆ ಕೂತು ಚರ್ಚೆ ಮಾಡುತ್ತಿರಲಿಲ್ಲ, ವಾದ ಕೇಳಿ ನೇರ ಮತ ಹಾಕಿ ಹೋಗುತ್ತಿದ್ದರು. ಮುಂದೆ ಅವರು ಕಂಚಿನ ಸಣ್ಣ ಬಿಲ್ಲೆಗಳನ್ನು ಬಳಸಿದರು. ಮಧ್ಯದ ಕಡ್ಡಿ ಒಂದರಲ್ಲಿ ಟೊಳ್ಳು, ಇನ್ನೊಂದರಲ್ಲಿ ಗಟ್ಟಿ. ಎರಡೂ ತುದಿಯನ್ನು ಬೆರಳಲ್ಲಿ ಮುಚ್ಚಿ ಹಿಡಿದು ಹಾಕಿದರೆ ಯಾರು ಯಾವ ಕಡೆ ಅಂತ ಪಕ್ಕದವನಿಗೂ ತಿಳಿಯುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಹದಿನೈದು ಜನ, ಬಹಳ ಕಾಲ ಎಂಟು ಜನರ ಸರಳ ಬಹುಮತ ಸಾಕಿತ್ತು. 2025ರ ಕಾನೂನು ಅದನ್ನು ಮೂರರಲ್ಲಿ ಎರಡು ಪಾಲಿಗೆ ಏರಿಸಿತು. ಇಂಗ್ಲೆಂಡ್ 1967ರಲ್ಲಿ ಸರ್ವಾನುಮತದ ಹಟ ಬಿಟ್ಟು ಹತ್ತಕ್ಕೆ ಎರಡಾದರೂ ಆಗಬಹುದು ಅಂದಿತು. ಅಮೆರಿಕದ ಸುಪ್ರೀಂ ಕೋರ್ಟ್ 2020ರಲ್ಲಿ ಅದಕ್ಕೆ ತದ್ವಿರುದ್ಧವಾಗಿ, ಗಂಭೀರ ಅಪರಾಧಗಳಲ್ಲಿ ಎಲ್ಲಾ ರಾಜ್ಯಗಳಲ್ಲೂ ಸರ್ವಾನುಮತ ಬೇಕೇ ಬೇಕು ಅಂದಿತು. ಜಪಾನಿನಲ್ಲಿ 2009ರಿಂದ ಗಂಭೀರ ಕೇಸುಗಳಲ್ಲಿ ಮೂವರು ಜಡ್ಜುಗಳು, ಆರು ಜನ ಸಾಮಾನ್ಯರು ಒಟ್ಟಿಗೆ ಕೂರುತ್ತಾರೆ. ಬಹುಮತ ಸಾಕು, ಆದರೆ ಶಿಕ್ಷೆ ಕೊಡಬೇಕಾದರೆ ಆ ಬಹುಮತದಲ್ಲಿ ಒಬ್ಬ ಜಡ್ಜ್ ಆದರೂ ಇರಬೇಕು.

ಒಬ್ಬೊಬ್ಬರದು ಒಂದೊಂದು ಲೆಕ್ಕ. ಆದರೆ ಎಲ್ಲರೂ ಒಂದೇ ಗಂಟನ್ನು ಬಿಡಿಸಲು ಹೊರಟವರು. ಗುಂಪಿನಲ್ಲಿ ಒಬ್ಬನಿಗೆ ಬೇರೆ ಥರ ಅನ್ನಿಸಿದರೆ ಅದನ್ನು ಹೇಳಿ ಆಮೇಲೆ ಊರಲ್ಲಿ ಬದುಕುವುದು ಹೇಗೆ? ಅಥೆನ್ಸಿನವರು ಮತವನ್ನು ಬೆರಳಲ್ಲಿ ಮುಚ್ಚಿದರು. ಇಂಗ್ಲಿಷರು ಬಾಗಿಲನ್ನು ಮುಚ್ಚಿದರು, ಒಳಗೆ ಆಡಿದ ಮಾತು ಒಳಗೇ ಇರಲಿ ಅಂತ. ನಮ್ಮ ಅರಳಿಕಟ್ಟೆಯಲ್ಲಿ ಬಾಗಿಲೇ ಇಲ್ಲ. ಇಡೀ ಊರು ನೋಡುತ್ತಿರುತ್ತದೆ.

ಬ್ರಿಟಿಷರು ಬಂದ ಮೇಲೆ

ತುಮಕೂರಿನಿಂದ ಬೆಂಗಳೂರಿಗೆ ಹೋಗುವವರೆಲ್ಲ ದಾಬಸ್‌ಪೇಟೆ ದಾಟಿಯೇ ಹೋಗುತ್ತೀರಿ. ಆ ಹೆಸರು ಬಂದದ್ದು ಡಾಬ್ಸ್ ಅನ್ನುವ ಅಧಿಕಾರಿಯಿಂದ. ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿದ್ದಾಗ (1834ರಿಂದ 1861) ರಾಜ್ಯವನ್ನು ನಾಲ್ಕು ವಿಭಾಗ ಮಾಡಿದ್ದರು. ಅದರಲ್ಲಿ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಆಗಿ ತುಮಕೂರಿನಲ್ಲಿ ಬಹಳ ವರ್ಷ ಕೂತವನು ಈ ಡಾಬ್ಸ್. ಕಂದಾಯವೂ ಅವನದೇ, ನ್ಯಾಯವೂ ಅವನದೇ. ಆ ಕಾಲದ ಮೈಸೂರಿನ ಕೋರ್ಟುಗಳಲ್ಲಿ ಊರಿನ ಪಂಚಾಯ್ತರನ್ನು ಕೂರಿಸಿ ಅವರ ಅಭಿಪ್ರಾಯ ಕೇಳುವ ರೂಢಿಯನ್ನು ಬಿಟ್ಟಿರಲಿಲ್ಲ. ಹೊರಗಿನಿಂದ ಬಂದ ದೊರೆಗೆ ಯಾರ ಮಾತು ನಂಬಬೇಕು ಅಂತ ತಿಳಿಯುವುದು ಕಷ್ಟ ತಾನೇ?

ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ ಥಾಮಸ್ ಮನ್ರೋಗೆ ಪಂಚಾಯ್ತಿ ಮೇಲೆ ವಿಪರೀತ ನಂಬಿಕೆ. ಕೆನರಾ ಮತ್ತು ಬಳ್ಳಾರಿ ಸೀಮೆಯಲ್ಲಿ ಕಲೆಕ್ಟರಾಗಿ ಅಲೆದವನು, ಕನ್ನಡ ನೆಲದ ಕಟ್ಟೆಗಳನ್ನು ಕಣ್ಣಾರೆ ಕಂಡವನು. 1816ರಲ್ಲಿ ಅವನ ಒತ್ತಾಯದಿಂದ ಹಳ್ಳಿ ಪಂಚಾಯ್ತಿ, ಜಿಲ್ಲಾ ಪಂಚಾಯ್ತಿಗಳಿಗೆ ಕಾನೂನಿನ ಮಾನ್ಯತೆ ಸಿಕ್ಕಿತು. ಆದರೆ ಅಷ್ಟೊಂದು ಆಸೆಯಿಂದ ಮಾಡಿದ ಆ ಪಂಚಾಯ್ತಿಗಳ ಹತ್ತಿರ ಜನ ಹೆಚ್ಚಾಗಿ ಹೋಗಲೇ ಇಲ್ಲ. ಕೋರ್ಟು ಅಂತ ಇನ್ನೊಂದು ಬಾಗಿಲು ತೆರೆದಿದ್ದ ಮೇಲೆ ಜನ ಆ ಬಾಗಿಲನ್ನೇ ತಟ್ಟಿದರು. ಇದನ್ನು ಓದಿದಾಗ ನನಗೆ ಅನ್ನಿಸಿದ್ದು, ಕಟ್ಟೆಯಲ್ಲಿ ಯಾವಾಗಲೂ ಸೋಲುತ್ತಿದ್ದವರು ಕೋರ್ಟಿನ ಕಡೆ ನೋಡಿರಲೂ ಸಾಕು.

ಕಲ್ಕತ್ತಾ, ಮದ್ರಾಸ್, ಬೊಂಬಾಯಿ ನಗರಗಳಲ್ಲಿ ಇಂಗ್ಲಿಷ್ ಮಾದರಿಯ ಜೂರಿ ಮೊದಲೇ ಬಂದಿತ್ತು. ಅದರಲ್ಲಿ ಯಾರು ಕೂರಬೇಕು? 1826ರ ಕಾನೂನು ಭಾರತೀಯರಿಗೂ ಜಾಗ ಕೊಟ್ಟಿತು, ಆದರೆ ಒಂದು ಷರತ್ತು. ಹಿಂದೂ, ಮುಸಲ್ಮಾನರ ವಿಚಾರಣೆಗೆ ಕ್ರೈಸ್ತರು ಕೂರಬಹುದು, ಕ್ರೈಸ್ತರ ವಿಚಾರಣೆಗೆ ಹಿಂದೂ ಮುಸಲ್ಮಾನರು ಕೂರುವಂತಿಲ್ಲ. ರಾಜಾ ರಾಮಮೋಹನ ರಾಯರು ಇದನ್ನು ಬಲವಾಗಿ ವಿರೋಧಿಸಿದರು. 1832ರಲ್ಲಿ ಆ ಭೇದ ಹೋಯಿತು. 1861ರ ದಂಡ ಪ್ರಕ್ರಿಯಾ ಸಂಹಿತೆ ಜಿಲ್ಲೆಗಳ ಸೆಷನ್ಸ್ ಕೋರ್ಟುಗಳಿಗೂ ದಾರಿ ಮಾಡಿತು. ಸರ್ಕಾರ ಹೇಳಿದ ಜಿಲ್ಲೆಗಳಲ್ಲಿ ಜೂರಿ, ಉಳಿದ ಕಡೆ ಅಸೆಸರುಗಳು. ಅಸೆಸರ್ ಅಂದರೆ ಅಭಿಪ್ರಾಯ ಹೇಳುವವರು ಮಾತ್ರ, ಜಡ್ಜ್ ಅದನ್ನು ಕೇಳಬಹುದು, ಬಿಡಬಹುದು.

ಜೂರಿಯಲ್ಲಿ ಯಾರು ಕೂತಿದ್ದಾರೆ ಅನ್ನುವುದೇ ಎಷ್ಟೋ ಸಲ ತೀರ್ಪು ಅನ್ನುವುದಕ್ಕೆ ತಿಲಕರ ಕೇಸುಗಳಿಗಿಂತ ಬೇರೆ ಉದಾಹರಣೆ ಬೇಡ. 1897ರ ರಾಜದ್ರೋಹದ ಕೇಸಿನಲ್ಲಿ ಬೊಂಬಾಯಿ ಹೈಕೋರ್ಟಿನ ಒಂಬತ್ತು ಜನ ಜೂರಿಯಲ್ಲಿ ಆರು ಯುರೋಪಿಯನ್ನರು, ಮೂವರು ಭಾರತೀಯರು. ತೀರ್ಪು ಆರಕ್ಕೆ ಮೂರು, ಅಪರಾಧಿ. 1908ರಲ್ಲಿ ಏಳು ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ತೀರ್ಪು ಏಳಕ್ಕೆ ಎರಡು, ಅಪರಾಧಿ. ಆರು ವರ್ಷ ಮಾಂಡಲೆಯ ಜೈಲು. ತಿಲಕರು ಬರೆದದ್ದು ಮರಾಠಿಯಲ್ಲಿ, ತೀರ್ಪು ಕೊಟ್ಟವರು ಓದಿದ್ದು ಅದರ ಇಂಗ್ಲಿಷ್ ಅನುವಾದವನ್ನು. ಇಲ್ಲಿ ಯಾರೂ ಯಾರನ್ನೂ ಹೆದರಿಸಿರಲಿಕ್ಕಿಲ್ಲ, ಲಂಚವನ್ನೂ ಕೊಟ್ಟಿರಲಿಕ್ಕಿಲ್ಲ. ಕೂರಿಸುವಾಗಲೇ ಕೆಲಸ ಮುಗಿದಿತ್ತು.

ಅಮೆರಿಕದ ಮಿಸಿಸಿಪ್ಪಿಯಲ್ಲಿ 1955ರಲ್ಲಿ ಎಮೆಟ್ ಟಿಲ್ ಅನ್ನುವ ಹದಿನಾಲ್ಕು ವರ್ಷದ ಕಪ್ಪು ಹುಡುಗನನ್ನು ಇಬ್ಬರು ಬಿಳಿಯರು ಕೊಂದರು. ಜೂರಿಯಲ್ಲಿ ಹನ್ನೆರಡೂ ಜನ ಬಿಳಿಯ ಗಂಡಸರು. ಸುಮಾರು ಒಂದು ಗಂಟೆಯಲ್ಲಿ ಸರ್ವಾನುಮತದಿಂದ ಬಿಟ್ಟುಬಿಟ್ಟರು. ಕೆಲವೇ ತಿಂಗಳಲ್ಲಿ ಆ ಇಬ್ಬರೂ ಒಂದು ಪತ್ರಿಕೆಗೆ ದುಡ್ಡು ತೆಗೆದುಕೊಂಡು, ಹೌದು ನಾವೇ ಕೊಂದಿದ್ದು ಅಂತ ಹೇಳಿಕೊಂಡರು. ಒಮ್ಮೆ ಬಿಡುಗಡೆಯಾದವರನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಣೆ ಮಾಡುವ ಹಾಗಿರಲಿಲ್ಲ. ಸರ್ವಾನುಮತ ಅಂದ ತಕ್ಷಣ ಕೈ ಮುಗಿಯುವವರು ಈ ಒಂದು ಗಂಟೆಯನ್ನು ನೆನಪಿಟ್ಟುಕೊಳ್ಳಬೇಕು.

ನಮ್ಮಲ್ಲಿ ಜೂರಿ ಹೋದದ್ದು

ಈಗ ಅಕ್ಕನ ಮಗನ ಪ್ರಶ್ನೆಗೆ ಬರೋಣ. ನಾನಾವತಿ ಕೇಸಿನಿಂದಾಗಿ ಭಾರತದಲ್ಲಿ ಜೂರಿ ರದ್ದಾಯಿತು ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. 1959ರಲ್ಲಿ ನೌಕಾಪಡೆಯ ಕಮಾಂಡರ್ ನಾನಾವತಿ ತನ್ನ ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾನನ್ನು ಗುಂಡಿಕ್ಕಿ ಕೊಂದ. ಬೊಂಬಾಯಿಯ ಒಂದು ವಾರಪತ್ರಿಕೆ ಅವನ ಪರವಾಗಿ ದೊಡ್ಡ ಪ್ರಚಾರ ಮಾಡಿತು. ಜೂರಿ ಎಂಟಕ್ಕೆ ಒಂದರಂತೆ ನಿರಪರಾಧಿ ಅಂದಿತು. ಸೆಷನ್ಸ್ ಜಡ್ಜ್ ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಹಾಗೆ ಕಳಿಸಲು ಆಗಿನ ಕಾನೂನಿನಲ್ಲೇ ಅವಕಾಶವಿತ್ತು. ಹೈಕೋರ್ಟ್ 1960ರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಆದರೆ ಇದಕ್ಕೂ ಮೊದಲೇ, 1955ರಲ್ಲಿ ಅಸೆಸರುಗಳ ಪದ್ಧತಿಯನ್ನು ತೆಗೆದುಹಾಕಿಯಾಗಿತ್ತು. 1958ರಲ್ಲಿ ಸೆತಲ್ವಾಡ್ ಅವರ ಅಧ್ಯಕ್ಷತೆಯ ಕಾನೂನು ಆಯೋಗ ಜೂರಿಯಿಂದ ನಮ್ಮಲ್ಲಿ ಪ್ರಯೋಜನವಾಗಿಲ್ಲ, ನಿಲ್ಲಿಸಿ ಅಂತ ಶಿಫಾರಸು ಮಾಡಿತ್ತು. ನಾನಾವತಿ ಕೇಸಿನ ಮೇಲೂ ಕೆಲವು ಕಡೆ ಜೂರಿ ವಿಚಾರಣೆಗಳು ನಡೆದವು. ಪೂರ್ತಿಯಾಗಿ ಹೋದದ್ದು 1973ರ ದಂಡ ಪ್ರಕ್ರಿಯಾ ಸಂಹಿತೆ 1974ರ ಏಪ್ರಿಲ್ 1ರಂದು ಜಾರಿಗೆ ಬಂದಾಗ. ಒಂದು ಸಣ್ಣ ತುಂಡು ಮಾತ್ರ ಉಳಿದುಕೊಂಡಿತು. 1936ರ ಪಾರ್ಸಿ ವಿವಾಹ ಕಾನೂನಿನಲ್ಲಿ, ವಿಚ್ಛೇದನದ ಕೇಸುಗಳಿಗೆ ಜಡ್ಜ್ ಜೊತೆ ಅದೇ ಸಮುದಾಯದ ಪ್ರತಿನಿಧಿಗಳನ್ನು ಕೂರಿಸುವುದು.

ಜೂರಿ ಹೋದದ್ದಕ್ಕೆ ನನಗೆ ಬೇಜಾರಿಲ್ಲ. ಜಡ್ಜ್ ತಪ್ಪು ಮಾಡಬಹುದು, ಆದರೆ ಯಾಕೆ ಈ ತೀರ್ಪು ಅಂತ ಕಾರಣ ಬರೆಯಬೇಕು. ಬರೆದ ಕಾರಣದ ಮೇಲೆ ಅಪೀಲು ಹೋಗಬಹುದು. ಜೂರಿ ಕಾರಣ ಹೇಳುವುದಿಲ್ಲ. ಅರಳಿಕಟ್ಟೆಯೂ ಹೇಳುತ್ತಿರಲಿಲ್ಲ.

ಮಿಕ್ಕ ಅರ್ಧ ಕಥೆ

ತಾತ ಇದನ್ನು ನನಗೆ ಹೇಳಿದ್ದು 1994ರಲ್ಲಿ, ಹಾಸಿಗೆ ಹಿಡಿದಿದ್ದಾಗ. ನಾನಾಗೆ ಕೇಳಿರಲಿಲ್ಲ.

ಪಂಚಾಯ್ತಿಗೆ ನಾಲ್ಕು ದಿನ ಮುಂಚೆ ತಾತ ಕುಣಿಗಲ್ಲಿನಲ್ಲಿದ್ದ ತಂಗಿ ಮನೆಗೆ ಹೋಗಿ ವಾಪಸ್ ಬರುತ್ತಿದ್ದರಂತೆ. ಬೆಳಗಿನ ಜಾವ. ಎದುರಿಗೆ ಒಂದು ಎತ್ತಿನ ಗಾಡಿ ಬಂತು, ಮೇಲೆ ಹುಲ್ಲು ಹೊದಿಸಿತ್ತು. ಹೊಡೆಯುತ್ತಿದ್ದವನು ಆ ಅಡಿಕೆ ಮನೆಯ ಕಿರಿ ಮಗ. ಇಸ್ಪೀಟಿನ ಚಟ ಇದ್ದವನು. ತಾತನನ್ನು ನೋಡಿ ಮುಖ ಆಚೆ ತಿರುಗಿಸಿಕೊಂಡನಂತೆ. ಹುಲ್ಲಿನ ಕೆಳಗೆ ಗೋಣಿಚೀಲದ ಮೂಲೆ ಕಾಣುತ್ತಿತ್ತು.

"ಆಗ ಗೊತ್ತಾಗ್ಲಿಲ್ಲ. ಕಟ್ಟೆ ಮೇಲೆ ಕೂತಾಗ ಗೊತ್ತಾಯ್ತು" ಅಂದರು ತಾತ.

"ಮತ್ತೆ ಯಾಕ್ ತಾತ ಹೇಳ್ಲಿಲ್ಲ?"

"ಆ ಮನೇಲಿ ನಮ್ದು ಪ್ರೋನೋಟ್ ಇತ್ತು ಕಣಪ್ಪಾ. ನಿಮ್ಮಪ್ಪನ ಫೀಜಿಗೆ ಇಸ್ಕಂಡಿದ್ದೆ. ನಾನೊಬ್ನೇ ಬಾಯ್ ಬಿಟ್ಟಿದ್ರೆ..." ಅಂತ ಹೇಳಿ ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ "ಇನ್ನೊಬ್ಬ ಯಾರಾನ ಮಾತಾಡಿದ್ರೆ ನಾನೂ ಆಡ್ತಿದ್ದೆ" ಅಂದರು.

ಇದನ್ನು ನಾನು ಎಷ್ಟೋ ವರ್ಷ ಒಂದು ನೆವ ಅಂತಲೇ ಅಂದುಕೊಂಡಿದ್ದೆ. ಆಮೇಲೆ ಸಾಲೊಮನ್ ಆಶ್ ಅನ್ನುವ ಮನಶ್ಶಾಸ್ತ್ರಜ್ಞ 1950ರ ದಶಕದಲ್ಲಿ ಅಮೆರಿಕದಲ್ಲಿ ಮಾಡಿದ ಪ್ರಯೋಗದ ಬಗ್ಗೆ ಓದಿದೆ. ಹಲಗೆ ಮೇಲೆ ಗೆರೆಗಳು. ಈ ಗೆರೆಯಷ್ಟೇ ಉದ್ದದ್ದು ಆ ಮೂರರಲ್ಲಿ ಯಾವುದು? ಮಕ್ಕಳೂ ಹೇಳಬಹುದಾದ ಪ್ರಶ್ನೆ. ಆದರೆ ಕೋಣೆಯಲ್ಲಿದ್ದ ಮಿಕ್ಕವರೆಲ್ಲ ಮೊದಲೇ ಮಾತಾಡಿಕೊಂಡು ಬೇಕಂತಲೇ ತಪ್ಪು ಉತ್ತರ ಹೇಳುತ್ತಿದ್ದರು. ಆಗ ಪಾಪ ಆ ಒಬ್ಬ ಅಮಾಯಕ ಕೊಟ್ಟ ಉತ್ತರಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ಗುಂಪಿನ ತಪ್ಪನ್ನೇ ಒಪ್ಪಿಕೊಂಡದ್ದು ಕಂಡಿತು. ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿ ಉತ್ತರ ಹೇಳಿದರೆ ಸಾಕು, ಹಾಗೆ ತಲೆಬಾಗುವುದು ಕಾಲು ಭಾಗಕ್ಕೆ ಇಳಿಯುತ್ತಿತ್ತು. ಕಾಲ್ವೆನ್ ಮತ್ತು ಝೈಸೆಲ್ ಅನ್ನುವವರು 1966ರಲ್ಲಿ ಅಮೆರಿಕದ ಜೂರಿಗಳ ಬಗ್ಗೆ ಬರೆದ ದೊಡ್ಡ ಪುಸ್ತಕದಲ್ಲೂ ಇದೇ ಥರದ ಮಾತಿದೆ. ಹತ್ತರಲ್ಲಿ ಒಂಬತ್ತು ಕೇಸುಗಳಲ್ಲಿ ಬಾಗಿಲು ಹಾಕಿಕೊಂಡ ಮೇಲೆ ನಡೆದ ಮೊದಲ ಮತದಲ್ಲಿ ಹೆಚ್ಚು ಜನ ಯಾವ ಕಡೆ ಇದ್ದರೋ ಕೊನೆಯ ತೀರ್ಪೂ ಅದೇ ಕಡೆ. ಒಬ್ಬನೇ ನಿಂತು ಹನ್ನೊಂದು ಜನರ ಮನಸ್ಸು ತಿರುಗಿಸುವುದು ಸಿನಿಮಾದಲ್ಲಿ ನಡೆದಷ್ಟು ಕೋಣೆಯಲ್ಲಿ ನಡೆಯುವುದಿಲ್ಲ.

ಅಂದರೆ ತಾತ ಹೇಳಿದ್ದು ನೆವವೂ ಹೌದು, ನಿಜವೂ ಹೌದು. ಆದರೆ ಬುಶೆಲ್‌ಗೂ ಹೆಂಡತಿ ಮಕ್ಕಳು, ವ್ಯಾಪಾರ, ಸಾಲ ಇದ್ದಿರಬೇಕು. ಅವನ ಪಕ್ಕ ನಿಂತವರು ಇನ್ನೂ ಕೆಲವರಿದ್ದರು ಅನ್ನುವುದು ಅವನ ಅದೃಷ್ಟ. ನಮ್ಮ ತಾತನ ಪಕ್ಕ ನಿಲ್ಲಬಹುದಾಗಿದ್ದವಳು ಒಬ್ಬಳೇ. ಅವಳು ಬೆಳಗಿನಿಂದ ಕೂಗಿ ಕೂಗಿ ಹೇಳುತ್ತಲೇ ಇದ್ದಳು. ಅವಳನ್ನು ಹುಣಸೆ ಮರದ ಕೆಳಗೆ ನಿಲ್ಲಿಸಿದ್ದರು. ಕಟ್ಟೆಯ ಒಮ್ಮತದಲ್ಲಿ ಅವಳ ಮಾತು ಲೆಕ್ಕಕ್ಕೇ ಇರಲಿಲ್ಲ.

ಆ ಹುಡುಗ ಹದಿನೈದು ದಿನಕ್ಕೆ ಊರು ಬಿಟ್ಟು ಹೋದ. ಬೆಂಗಳೂರಿಗೆ ಅಂದರು ಕೆಲವರು, ಬೊಂಬಾಯಿಗೆ ಅಂದರು ಕೆಲವರು. ಅವನ ಬದಲು ತಮ್ಮನನ್ನು ಜೀತಕ್ಕೆ ಬಿಟ್ಟರು, ನೂರೈವತ್ತು ರೂಪಾಯಿ ತೀರಬೇಕಲ್ಲ. ಜೀತ ರದ್ದಾಗುವ ಕಾನೂನು ಬಂದದ್ದು 1976ರಲ್ಲಿ. ಆ ಹೊತ್ತಿಗೆ ಅವನಿಗೆ ಮೂರು ಮಕ್ಕಳಾಗಿದ್ದವಂತೆ. ಅಡಿಕೆ ಮಾರಿದ ವಿಷಯ ಒಂದೆರಡು ವರ್ಷದಲ್ಲೇ ಊರಿಗೆಲ್ಲ ಗೊತ್ತಾಗಿತ್ತು. ಯಾರೂ ಆ ಪಂಚಾಯ್ತಿಯನ್ನು ಮತ್ತೆ ಕರೆಯಲಿಲ್ಲ.

2011ರಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಒಂದು ಕೇಸಿನಲ್ಲಿ ಕಟ್ಟೆ ಪಂಚಾಯ್ತಿಗಳು ಕಾನೂನುಬಾಹಿರ, ಅವನ್ನು ನಿರ್ದಾಕ್ಷಿಣ್ಯವಾಗಿ ನಿಲ್ಲಿಸಿ ಅಂತ ಹೇಳಿತು. ಕಾನೂನು ಹೇಳಿದ್ದಕ್ಕೆಲ್ಲ ಊರು ಕೇಳುತ್ತದೆಯೇ ಅನ್ನುವುದು ಬೇರೆ ಮಾತು. ಕಟ್ಟೆ ಅಂದರೆ ಅರಳಿ ಮರದ ಕೆಳಗೇ ಇರಬೇಕು ಅಂತಲೂ ಇಲ್ಲ. ನಾನಿರುವ ಬಡಾವಣೆಯ ಸಂಘದ ಮೀಟಿಂಗಿನಲ್ಲಿ ಬಾಡಿಗೆಯವರೊಬ್ಬರ ಮನೆ ಖಾಲಿ ಮಾಡಿಸಬೇಕು ಅಂತ ಹೋದ ವರ್ಷ ತೀರ್ಮಾನವಾಯಿತು. ಅವರನ್ನು ಮೀಟಿಂಗಿಗೆ ಕರೆದಿರಲಿಲ್ಲ. "ಎಲ್ಲರಿಗೂ ಓಕೆ ತಾನೇ?" ಅಂದರು ಅಧ್ಯಕ್ಷರು. ನಾನೂ ಅಲ್ಲೇ ಕೂತಿದ್ದೆ. ಅವರದು ತಪ್ಪಿದೆಯೋ ಇಲ್ಲವೋ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಅವರನ್ನೂ ಒಂದು ಮಾತು ಕೇಳೋಣ ಅಂತ ಹೇಳಬೇಕು ಅನ್ನಿಸಿತು. ಹೇಳಲಿಲ್ಲ.

ಕೋರ್ಟಿನಿಂದ ಬರುತ್ತಾ ಅಕ್ಕನ ಮಗನನ್ನು ಊರಿಗೆ ಕರೆದುಕೊಂಡು ಹೋಗಿ ಕಟ್ಟೆ ತೋರಿಸಿದೆ. ಈಗ ಅದಕ್ಕೆ ಟೈಲ್ಸ್ ಹಾಕಿಸಿ, ದಾನಿಗಳ ಹೆಸರು ಕೆತ್ತಿಸಿದ್ದಾರೆ. ಮಧ್ಯಾಹ್ನದ ಹೊತ್ತು, ಇಬ್ಬರು ಮುದುಕರು ಚೌಕಾಬಾರ ಆಡುತ್ತಿದ್ದರು. ಹುಣಸೆ ಮರ ಎಲ್ಲಿ ಮಾಮ ಅಂದ. ರಸ್ತೆ ಅಗಲ ಮಾಡುವಾಗ ಕಡಿದರು ಅಂದೆ. ಅವನು ಆ ಜಾಗಕ್ಕೆ ಹೋಗಿ ನಿಂತು, ಅಲ್ಲಿಂದಲೇ ಕೂಗಿದ: "ಮಾಮಾ, ಕೇಳಿಸ್ತಾ ಇದ್ಯಾ?"

ಚೆನ್ನಾಗಿಯೇ ಕೇಳಿಸುತ್ತಿತ್ತು.